ಎಚ್‌ಟೂಓ, ಕೋವ್, ಕಾಯಲೋರಂ: ನೀರು ತೋರಿಸಿ ಮಾರಿದ ಮರಡು ಫ್ಲಾಟ್‌ಗಳ ಕೇಸು

ಮೊದಲು ಹೆಸರುಗಳನ್ನೇ ನೋಡಿ. ಹೋಲಿ ಫೇತ್ ಎಚ್‌ಟೂಓ, ಆಲ್ಫಾ ಸೆರೀನ್, ಜೈನ್ಸ್ ಕೋರಲ್ ಕೋವ್, ಗೋಲ್ಡನ್ ಕಾಯಲೋರಂ. ಒಂದಕ್ಕೆ ನೀರಿನ ಕೆಮಿಸ್ಟ್ರಿ ಫಾರ್ಮುಲಾನೇ ಇಟ್ಟಿದ್ದಾರೆ, ಇನ್ನೊಂದಕ್ಕೆ ಪ್ರಶಾಂತ ಅಂತ, ಮತ್ತೊಂದಕ್ಕೆ ಹವಳದ ಕೊಲ್ಲಿ ಅಂತ, ಕೊನೇದು ಮಲಯಾಳಂ, ಕಾಯಲ್ ಅಂದ್ರೆ ಹಿನ್ನೀರು, ಓರಂ ಅಂದ್ರೆ ಅಂಚು. ನಾಲ್ಕೂ ಕೊಚ್ಚಿಯ ಮರಡುವಿನಲ್ಲಿದ್ದ ಐಷಾರಾಮಿ ಫ್ಲಾಟ್ ಕಟ್ಟಡಗಳು. 2020ರ ಜನವರಿ 11 ಮತ್ತು 12ರಂದು ಇವನ್ನ ಸ್ಫೋಟಕ ಇಟ್ಟು ಬೀಳಿಸಿದ್ರು, ಟಿವಿಯಲ್ಲಿ ಲೈವ್ ಬಂತು, ನೀವೂ ನೋಡಿರ್ತೀರ. ಬಿದ್ದ ವಿಡಿಯೋ ಎಲ್ರಿಗೂ ನೆನಪಿದೆ, ಯಾಕೆ ಬಿತ್ತು ಅಂತ ಕೇಳಿದ್ರೆ ಮಾತ್ರ ಹತ್ತರಲ್ಲಿ ಎಂಟು ಜನ "ಕೆರೆ ಒತ್ತುವರಿ ಮಾಡಿದ್ರಂತೆ" ಅಂತಾರೆ. ಕೇಸು ಅಷ್ಟು ಸರಳ ಇಲ್ಲ. ಅಲ್ಲಿ ಮನೆ ತಗೊಂಡವರ ಹತ್ರ ನೋಂದಣಿ ಪತ್ರ ಇತ್ತು, ತೆರಿಗೆ ರಸೀದಿ ಇತ್ತು, ಕರೆಂಟ್ ಕನೆಕ್ಷನ್ ಇತ್ತು, ಎಷ್ಟೋ ಜನಕ್ಕೆ ಬ್ಯಾಂಕ್ ಸಾಲಾನೂ ಆಗಿತ್ತು. ಮನೆ ತಗೊಳ್ಳೋರು ಸಾಮಾನ್ಯವಾಗಿ ಕೇಳೋ ಪೇಪರ್ ಎಲ್ಲಾ ಫೈಲಲ್ಲಿ ಇದ್ದೂ ಮನೆ ಹೋಯ್ತು. ನನಗೆ ಈ ಪ್ರಕರಣ ಬಿಡಿಸಿ ಬರೀಬೇಕು ಅನ್ನಿಸಿದ್ದು ಅದಕ್ಕೇ.

ಜಾಗ ಎಂಥದ್ದು

ಮರಡು ಇರೋದು ಕೊಚ್ಚಿಯ ಆಗ್ನೇಯ ಅಂಚಲ್ಲಿ, ಎರ್ನಾಕುಲಂ ಜಿಲ್ಲೆ. ಕುಂಡನ್ನೂರು ಜಂಕ್ಷನ್‌ನಲ್ಲಿ ಹೈವೇ ಗದ್ದಲ, ಅಲ್ಲಿಂದ ಸ್ವಲ್ಪ ಒಳಗೆ ತಿರುಗಿದ್ರೆ ಸಣ್ಣ ರಸ್ತೆ, ಹಂಚಿನ ಮನೆ, ತೆಂಗು, ಆಮೇಲೆ ನೀರು. ವೆಂಬನಾಡ್ ಹಿನ್ನೀರಿನ ಜಾಲ ಇಲ್ಲೆಲ್ಲಾ ಕೈ ಚಾಚಿಕೊಂಡಿದೆ, ವೆಂಬನಾಡ್ 2002ರಿಂದ ರಾಮ್ಸರ್ ಪಟ್ಟಿಯಲ್ಲಿ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಇರೋ ಜಾಗ. ಅಂದ್ರೆ ಸಿಟಿಗೆ ಹತ್ರ, ಆದ್ರೆ ಸಿಟಿ ಸದ್ದು ಇಲ್ಲ, ಬಾಲ್ಕನಿಗೆ ಬಂದ್ರೆ ಕಣ್ಣು ಹಾಯುವಷ್ಟು ದೂರ ನೀರು. ಬಿಲ್ಡರ್‌ಗೆ ಇದಕ್ಕಿಂತ ಇನ್ನೇನು ಬೇಕು. 2005-06ರ ಸುಮಾರಿಗೆ ಕೊಚ್ಚಿಯಲ್ಲಿ ಫ್ಲಾಟ್ ಭರಾಟೆ ಜೋರು, ಗಲ್ಫ್ ದುಡ್ಡು ಬರ್ತಿತ್ತು, ಹೊರದೇಶದಲ್ಲಿ ದುಡಿದು ವಾಪಸ್ ಬಂದು ನೆಮ್ಮದಿಯಾಗಿ ಇರೋಣ ಅನ್ನೋರೇ ಇಂಥ ಜಾಗಕ್ಕೆ ದೊಡ್ಡ ಗಿರಾಕಿಗಳು.

ಆಗ ಮರಡು ಇನ್ನೂ ಗ್ರಾಮ ಪಂಚಾಯ್ತಿ, ಮುನಿಸಿಪಾಲಿಟಿ ಆಗಿದ್ದು 2010ರಲ್ಲಿ. ಈ ಪಾಯಿಂಟ್ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ರೂಲ್ಸ್ ಏನಿತ್ತು

1991ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆ ಅಡಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ತಂತು, ಎಲ್ಲರೂ ಸಿಆರ್‌ಝಡ್ ಅನ್ನೋದು ಅದನ್ನೇ. ಸಿಆರ್‌ಝಡ್ ಅಂದ ತಕ್ಷಣ ಸಮುದ್ರ ದಡ ಮಾತ್ರ ಅಂದ್ಕೋತೀವಿ, ಆದ್ರೆ ಉಬ್ಬರ ಇಳಿತ ಮುಟ್ಟೋ ನದಿ, ಕಡಲ ಕೋಡಿ, ಹಿನ್ನೀರು ಎಲ್ಲಾ ಇದರೊಳಗೇ ಬರುತ್ತೆ. ಅಂಥ ಕಡೆ 100 ಮೀಟರ್ ಇಲ್ಲಾ ಆ ನೀರಿನ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ದೂರ ಆಗ ನಿಯಂತ್ರಣ ಇತ್ತು. ಆಗಲೇ ಕಟ್ಟಡಗಳು ತುಂಬಿರೋ ನಗರ ಪ್ರದೇಶ ಸಿಆರ್‌ಝಡ್ 2, ಹಳ್ಳಿ ಥರದ ಜಾಗ ಸಿಆರ್‌ಝಡ್ 3, ಮೂರಲ್ಲಿ ಬಿಗಿ ಜಾಸ್ತಿ. 1996ರಲ್ಲಿ ಒಪ್ಪಿಗೆ ಆದ ಕೇರಳದ ಕರಾವಳಿ ನಕ್ಷೆಯಲ್ಲಿ ಮರಡು ಬಿದ್ದಿದ್ದು ಮೂರನೇ ಡಬ್ಬಿಗೆ.

ಇಂಥ ಜಾಗದಲ್ಲಿ ಕಟ್ಟಬೇಕು ಅಂದ್ರೆ ಪಂಚಾಯ್ತಿ ಒಂದೇ ಹೂಂ ಅಂದ್ರೆ ಸಾಲದು, ಅರ್ಜಿ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಹೋಗಬೇಕು, ಅವರು ಒಪ್ಪಬೇಕು. 2006ರಲ್ಲಿ ಮರಡು ಪಂಚಾಯ್ತಿ ಬಿಲ್ಡರ್‌ಗಳಿಗೆ ಪರ್ಮಿಟ್ ಕೊಡ್ತು. ಅರ್ಜಿ ಪ್ರಾಧಿಕಾರದ ಹತ್ರ ಹೋಗ್ಲೇ ಇಲ್ಲ. ಇಡೀ ಕೇಸಿನ ಬೇರು ಇಷ್ಟೇ, ಒಂದು ಮೆಟ್ಟಿಲು ಹತ್ತದೆ ಹಾರಿದ್ದು. ಉಳಿದ ಹದಿನಾಲ್ಕು ವರ್ಷ ನಡೆದಿದ್ದೆಲ್ಲಾ ಆ ಹಾರಿದ ಮೆಟ್ಟಿಲಿನ ಲೆಕ್ಕ.

ಅಂದಹಾಗೆ ಪರ್ಮಿಟ್ ಪಟ್ಟಿಯಲ್ಲಿ ಐದನೇ ಕಟ್ಟಡದ ಹೆಸರೂ ಇತ್ತು, ಹಾಲಿಡೇ ಹೆರಿಟೇಜ್ ಅಂತ. ಅದು ಕಟ್ಟಲೇ ಇಲ್ಲ. ಹಾಗಾಗಿ ಸುಪ್ರೀಂ ಕೋರ್ಟ್ ತೀರ್ಪಿನ ಮಾತು ಬಂದಾಗ ಕೆಲವರು ಐದು ಅಂತಾರೆ, ಕೆಲವರು ನಾಲ್ಕು ಅಂತಾರೆ, ಎರಡೂ ಸರಿ.

ಸ್ಟೇ ಅನ್ನೋ ನೆರಳಲ್ಲಿ

ಈಗ ನನ್ನ ಪ್ರಕಾರ ಪ್ರಕರಣದ ಮುಖ್ಯ ಜಾಗಕ್ಕೆ ಬರ್ತೀನಿ. 2007ರಲ್ಲೇ, ಅಂದ್ರೆ ಪರ್ಮಿಟ್ ಕೊಟ್ಟ ಮರುವರ್ಷವೇ, ಮೇಲಿಂದ ವಿಜಿಲೆನ್ಸ್ ತಪಾಸಣೆ ಆಗಿ, ಇದರಲ್ಲಿ ಸಿಆರ್‌ಝಡ್ ಉಲ್ಲಂಘನೆ ಇದೆ ಅಂತ ಗೊತ್ತಾಗಿ, ಅದೇ ಪಂಚಾಯ್ತಿ ಬಿಲ್ಡರ್‌ಗಳಿಗೆ ಶೋಕಾಸ್ ನೋಟಿಸ್ ಕೊಡ್ತು, ನಿಮ್ಮ ಪರ್ಮಿಟ್ ಯಾಕೆ ರದ್ದು ಮಾಡಬಾರದು ಹೇಳಿ ಅಂತ. ಬಿಲ್ಡರ್‌ಗಳು ಸೀದಾ ಕೇರಳ ಹೈಕೋರ್ಟಿಗೆ ಹೋಗಿ ಆ ನೋಟಿಸ್‌ಗೆ ಸ್ಟೇ ತಂದ್ರು. ಸ್ಟೇ ಸಿಕ್ಕ ಮೇಲೆ ಕೆಲಸ ನಿಲ್ಲಲಿಲ್ಲ. ಪಿಲ್ಲರ್ ಎದ್ವು, ಸ್ಲ್ಯಾಬ್ ಬಿತ್ತು, ಮಹಡಿ ಮೇಲೆ ಮಹಡಿ ಏರಿತು, ಬ್ರೋಷರ್ ಪ್ರಿಂಟ್ ಆಯ್ತು, ಸೈಟ್ ವಿಸಿಟ್‌ಗೆ ಜನ ಬಂದ್ರು, ಬಾಲ್ಕನಿಯಿಂದ ನೀರು ತೋರಿಸಿದ್ರು, ಅಡ್ವಾನ್ಸ್ ತಗೊಂಡ್ರು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಸ್ಟೇ ಅಂದ್ರೇನು? ಮಾಮೂಲಿ ಮಾತಲ್ಲಿ "ಕೋರ್ಟಿಂದ ಆರ್ಡರ್ ಇದೆ ಸಾರ್, ಏನೂ ಪ್ರಾಬ್ಲಂ ಇಲ್ಲ" ಅಂತ ಹೇಳ್ತಾರಲ್ಲ, ಆ ಆರ್ಡರ್ ಹೇಳೋದು ಬರೀ ಇಷ್ಟು: ವಿಚಾರಣೆ ಮುಗಿಯೋವರೆಗೂ ನೋಟಿಸ್ ಮೇಲೆ ಕ್ರಮ ತಗೋಬೇಡಿ. ಕಟ್ಟಡ ಸಕ್ರಮ ಅಂತ ಅದರಲ್ಲಿ ಎಲ್ಲೂ ಇರಲ್ಲ. ನಾಳೆ ಕೇಸ್ ಸೋತ್ರೆ ನೋಟಿಸ್ ಮತ್ತೆ ಜೀವ ಪಡೆಯುತ್ತೆ, ಆ ಹೊತ್ತಿಗೆ ಒಳಗೆ ನಾವು ಸಂಸಾರ ಹೂಡಿರ್ತೀವಿ. ಸ್ಟೇ ಇರೋ ಕಟ್ಟಡದಲ್ಲಿ ಫ್ಲಾಟ್ ತಗೊಳ್ಳೋದು ಅಂದ್ರೆ ಬಿಲ್ಡರ್ ಹೂಡಿದ ಕೇಸಿನ ಪಣವನ್ನ ನಮ್ಮ ಹೆಗಲಿಗೆ ಹಾಕ್ಕೊಂಡಂಗೆ, ಗೆದ್ರೆ ಅವನಿಗೆ ಆಗಲೇ ದುಡ್ಡು ಬಂದಿದೆ, ಸೋತ್ರೆ ಹೋಗೋ ಮನೆ ನಮ್ದು.

ತಗೊಂಡವರಿಗೆ ಇದು ಗೊತ್ತಿತ್ತಾ? ಬಹಳಷ್ಟು ಜನ ಗೊತ್ತಿರ್ಲಿಲ್ಲ ಅಂತಲೇ ಹೇಳಿದ್ರು, ನಾನು ನಂಬ್ತೀನಿ. ಯಾಕಂದ್ರೆ ನಾವು ಫ್ಲಾಟ್ ನೋಡೋಕೆ ಹೋದಾಗ ಋಣಭಾರ ಪತ್ರ ತೆಗೆಸ್ತೀವಿ, ಅದರಲ್ಲಿ ಅಡಮಾನ, ಹಿಂದಿನ ಮಾರಾಟ ಎಲ್ಲಾ ಬರುತ್ತೆ, ಪಂಚಾಯ್ತಿ ಕೊಟ್ಟ ಶೋಕಾಸ್ ನೋಟಿಸ್ ಬರಲ್ಲ. ಬ್ಯಾಂಕಿನ ವಕೀಲರು ನೋಡೋದು ಜಾಗದ ಒಡೆತನದ ಸರಪಳಿ, ಅದು ಇಲ್ಲಿ ಚೆನ್ನಾಗೇ ಇತ್ತು, ಜಾಗ ಯಾರದ್ದೂ ಕದ್ದಿದ್ದಲ್ಲ. "ಬ್ಯಾಂಕ್ ಲೋನ್ ಕೊಟ್ಟಿದೆ ಅಂದ್ರೆ ಎಲ್ಲಾ ಕ್ಲಿಯರ್" ಅನ್ನೋ ನಂಬಿಕೆ ಇದೆಯಲ್ಲ, ಮರಡುವಿನಲ್ಲಿ ಅದು ಎಷ್ಟು ಟೊಳ್ಳು ಅಂತ ಕಂಡುಬಿಡ್ತು. ನೋಟಿಸ್ ಇದ್ದಿದ್ದು ಪಂಚಾಯ್ತಿ ಫೈಲಲ್ಲಿ, ಕೇಸ್ ನಂಬರ್ ಇದ್ದಿದ್ದು ಹೈಕೋರ್ಟಿನ ರಿಜಿಸ್ಟರಲ್ಲಿ. ಎರಡೂ ಗುಟ್ಟಿನ ದಾಖಲೆ ಅಲ್ಲ, ಹೋಗಿ ಕೇಳಿದವರು ಕಡಿಮೆ ಅಷ್ಟೇ, ನಾನಾಗಿದ್ರೂ ಕೇಳ್ತಿರ್ಲಿಲ್ಲ ಅನ್ಸುತ್ತೆ.

ಹೈಕೋರ್ಟಲ್ಲಿ ಗೆದ್ದು ದಿಲ್ಲಿಯಲ್ಲಿ ಸೋತಿದ್ದು

2012ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಬಿಲ್ಡರ್‌ಗಳ ಪರ ತೀರ್ಪು ಕೊಡ್ತು. 2015ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿ ಹಿಡೀತು. ಅವರ ತರ್ಕ ಸ್ಥೂಲವಾಗಿ ಏನಪ್ಪಾ ಅಂದ್ರೆ ಸ್ಥಳೀಯ ಸಂಸ್ಥೆ ತನ್ನ ಕೆಲಸ ಸರಿಯಾಗಿ ಮಾಡದೇ ಇದ್ದಿದ್ದಕ್ಕೆ ಪರ್ಮಿಟ್ ತಗೊಂಡವನನ್ನ ಶಿಕ್ಷಿಸೋಕೆ ಆಗಲ್ಲ ಅನ್ನೋದು. ಕೇಳೋಕೆ ನ್ಯಾಯ ಅನ್ಸುತ್ತೆ ಅಲ್ವಾ, ಎರಡು ಸಲ ಹೈಕೋರ್ಟಲ್ಲಿ ಗೆದ್ದ ಕಟ್ಟಡ, ಆ ಟೈಮಲ್ಲಿ ಯಾರಾದ್ರೂ ರೀಸೇಲ್‌ಗೆ ನೋಡೋಕೆ ಬಂದಿದ್ರೆ ವಕೀಲರೂ ಧೈರ್ಯವಾಗಿ ತಗೊಳ್ಳಿ ಅಂತಿದ್ರೇನೋ.

ಕರಾವಳಿ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. 2018ರ ನವೆಂಬರ್‌ನಲ್ಲಿ ಕೋರ್ಟ್ ಮೂವರ ಸಮಿತಿ ಮಾಡಿ, ಪರ್ಮಿಟ್ ಕೊಟ್ಟ ದಿನ ಆ ಜಾಗ ಯಾವ ವಲಯದಲ್ಲಿತ್ತು ಹೇಳಿ ಅಂತ ಕೇಳ್ತು. ಸಮಿತಿ ಹೇಳ್ತು, ಮೂರನೇದರಲ್ಲಿ. 2019ರ ಮೇ 8ಕ್ಕೆ ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ನವೀನ್ ಸಿನ್ಹಾ ಅವರ ಪೀಠದಿಂದ ತೀರ್ಪು ಬಂತು, ಒಂದು ತಿಂಗಳೊಳಗೆ ಕೆಡವಿ. 2018ರ ಆಗಸ್ಟಿನ ಪ್ರವಾಹ ಆಗ ಇನ್ನೂ ಹಸಿ ಹಸಿ ನೆನಪು, ತೀರ್ಪಲ್ಲೂ ಕೇರಳದ ಪ್ರವಾಹದ ಮಾತು ಬರುತ್ತೆ.

ಈಗ ಆ ಪಂಚಾಯ್ತಿ ಮುನಿಸಿಪಾಲಿಟಿ ವಿಷಯ. ಮರಡು ಮುನಿಸಿಪಾಲಿಟಿ ಆದ ಮೇಲೆ ಅದು ನಗರ ಪ್ರದೇಶ, ಹೊಸ ಕರಡು ನಕ್ಷೆಯಲ್ಲಿ ಅದನ್ನ ಸಿಆರ್‌ಝಡ್ 2ಕ್ಕೆ ಹಾಕಿದ್ರು, ಎರಡರಲ್ಲಾದ್ರೆ ನಿಯಮ ಸಡಿಲ. ಫ್ಲಾಟ್ ಮಾಲೀಕರು ಹೇಳಿದ್ದು, ಇವತ್ತಿನ ನಕ್ಷೆ ನೋಡಿ ಸ್ವಾಮಿ, ಇವತ್ತಿನ ಲೆಕ್ಕದಲ್ಲಿ ನಾವು ತಪ್ಪಿತಸ್ಥರಲ್ಲ ಅಂತ. ಕೋರ್ಟ್ ಹಿಡಿದಿದ್ದು ಪರ್ಮಿಟ್ ಕೊಟ್ಟ ದಿನದ ನಕ್ಷೆಯನ್ನ. ಕಾನೂನಿನ ಕಣ್ಣಲ್ಲಿ ಇದು ಸರಿ ಅಂತಲೇ ನನಗೆ ಅನ್ಸುತ್ತೆ, ಇಲ್ಲಾಂದ್ರೆ ಮೊದಲು ಕಟ್ಟು, ಆಮೇಲೆ ನಕ್ಷೆ ಬದಲಾಗೋವರೆಗೂ ಕೇಸ್ ಎಳಿ ಅನ್ನೋದೇ ದಂಧೆ ಆಗಿಬಿಡುತ್ತೆ. ಆದ್ರೆ ಮಾಲೀಕರ ಇನ್ನೊಂದು ದೂರಿತ್ತಲ್ಲ, ನಮ್ಮ ಮನೆ ಕೆಡವೋ ತೀರ್ಪಿಗೆ ಮುಂಚೆ ನಮ್ಮನ್ನ ಒಂದು ಮಾತು ಕೇಳಲೇ ಇಲ್ಲ ಅನ್ನೋದು, ಅದರ ಬಗ್ಗೆ ನನಗೆ ಇವತ್ತಿಗೂ ಕಸಿವಿಸಿ ಇದೆ. ಕೇಸ್ ನಡೆದಿದ್ದು ಪ್ರಾಧಿಕಾರ, ಸ್ಥಳೀಯ ಸಂಸ್ಥೆ, ಬಿಲ್ಡರ್ ಇವರ ಮಧ್ಯೆ. ಒಳಗೆ ವಾಸ ಇದ್ದವರು ಆಮೇಲೆ ಪುನರ್‌ಪರಿಶೀಲನೆ ಅರ್ಜಿ ಹಾಕಿದ್ರು, ಜುಲೈನಲ್ಲಿ ಅದೂ ವಜಾ ಆಯ್ತು.

ಮನೆ ಬಿಟ್ಟಿದ್ದು

ಓಣಂ ಮುಂದೆ ಇರುವಾಗ, ಸೆಪ್ಟೆಂಬರ್ 6ಕ್ಕೆ, ಕೋರ್ಟ್ ಮತ್ತೆ ಗರಂ ಆಯ್ತು, 20ನೇ ತಾರೀಕಿನೊಳಗೆ ಆದೇಶ ಪಾಲಿಸಿ, ಮುಖ್ಯ ಕಾರ್ಯದರ್ಶಿ ಖುದ್ದು ಬಂದು ನಿಲ್ಲಿ ಅಂತ. ಮಾಲೀಕರು ಗೇಟ್ ಹತ್ರ ಧರಣಿ ಕೂತ್ರು, ಪಕ್ಷಗಳವರು ಬಂದು ಜೊತೆಗಿದ್ದೀವಿ ಅಂದು ಹೋದ್ರು. 26ರ ನಸುಕಲ್ಲಿ ಕರೆಂಟ್ ತೆಗೆದ್ರು, ನೀರೂ ಹೋಯ್ತು. ಇದು ಎತ್ತರದ ಕಟ್ಟಡದಲ್ಲಿ ಏನು ಅಂತ ಸ್ವಲ್ಪ ಯೋಚನೆ ಮಾಡಿ. ನೆಲದ ಮೇಲಿನ ಮನೆಯಲ್ಲಿ ಕರೆಂಟ್ ಹೋದ್ರೆ ಮೇಣದಬತ್ತಿ ಹಚ್ಕೊಂಡು ಕೂರ್ಬಹುದು, ಹದಿನೈದನೇ ಮಹಡಿಯಲ್ಲಿ ಲಿಫ್ಟ್ ಇಲ್ಲ, ಪಂಪ್ ಇಲ್ಲ, ಬಕೆಟ್ ನೀರನ್ನ ಮೆಟ್ಟಿಲಲ್ಲಿ ಹೊರಬೇಕು, ಒಳಗೆ ವಯಸ್ಸಾದವರು ಬೇರೆ. ಒಂದು ಸ್ವಿಚ್ ತೆಗೆದ್ರೆ ಇಡೀ ಐಷಾರಾಮ ಇಳಿದುಹೋಗುತ್ತೆ.

ಆಮೇಲೆ ಸಾಮಾನು ಇಳಿಸೋಕೆ ಅಂತ ನಾಲ್ಕು ದಿನದ ಮಟ್ಟಿಗೆ ಕರೆಂಟ್ ವಾಪಸ್ ಕೊಟ್ರು, ಅಕ್ಟೋಬರ್ 3 ಕೊನೇ ದಿನ. ಎಲ್ಲಾ ಫ್ಲಾಟಿನವರೂ ಒಟ್ಟಿಗೇ ಖಾಲಿ ಮಾಡ್ತಿದ್ದಾರೆ, ಎಲ್ಲರಿಗೂ ಇರೋದು ಅದೇ ಲಿಫ್ಟ್‌ಗಳು, ಫ್ರಿಜ್ಜು, ಬೀರು, ಹಾಸಿಗೆ, ದೇವರ ಫೋಟೋ ಎಲ್ಲಾ ಲಿಫ್ಟ್ ಮುಂದೆ ಕ್ಯೂನಲ್ಲಿ. ಬಾಡಿಗೆ ಮನೆ ಹುಡುಕಿದ್ರೆ ಸುತ್ತಮುತ್ತ ಸಿಗ್ತಿಲ್ಲ.

ಪತ್ರದಲ್ಲಿ ಬರೆದ ರೇಟು

ಈ ಭಾಗ ಯಾರೂ ಜಾಸ್ತಿ ಮಾತಾಡಲ್ಲ, ನಾನು ಮಾತಾಡ್ತೀನಿ. ಸೆಪ್ಟೆಂಬರ್ 27ರಂದು ಕೋರ್ಟ್ ಪ್ರತಿ ಫ್ಲಾಟ್ ಮಾಲೀಕರಿಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ, ಮೊದಲು ಸರ್ಕಾರ ಕೊಟ್ಟು ಆಮೇಲೆ ತಪ್ಪಿತಸ್ಥರಿಂದ ವಸೂಲಿ ಮಾಡಲಿ ಅಂತ ಹೇಳಿ, ನಿವೃತ್ತ ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ಸಮಿತಿ ಮಾಡ್ತು. ಸಮಿತಿ ದಾಖಲೆ ಕೊಡಿ ಅಂತ ಕೇಳ್ತು. ದಾಖಲೆ ಅಂದ್ರೆ ನೋಂದಣಿ ಪತ್ರ. ಅಲ್ಲಿ ಶುರುವಾಯ್ತು ನೋಡಿ ಪೇಚಾಟ, ಎಷ್ಟೋ ಪತ್ರಗಳಲ್ಲಿ ಬರೆದ ಮೊತ್ತ ನಿಜವಾಗಿ ಕೊಟ್ಟ ದುಡ್ಡಿಗಿಂತ ಎಷ್ಟೋ ಕಡಿಮೆ. ಹಾಗಾಗಿ ಮೊದಲ ಕಂತಿನ ಶಿಫಾರಸಲ್ಲಿ ಕೆಲವರಿಗೆ 13 ಲಕ್ಷದ ಆಸುಪಾಸು ಅಂತ ಬಂತು. ಐಷಾರಾಮಿ ಫ್ಲಾಟಿಗೆ!

ಮುದ್ರಾಂಕ ಶುಲ್ಕ ಉಳಿಸೋಕೆ ಪತ್ರದಲ್ಲಿ ಕಡಿಮೆ ತೋರಿಸೋದು ಬರೀ ಕೊಚ್ಚಿ ಕಾಯಿಲೆ ಅಲ್ಲ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಆ ಹೊತ್ತಲ್ಲಿ ಕೆಲವು ಲಕ್ಷ ಉಳಿದಂಗೆ ಕಾಣುತ್ತೆ, ಬಿಲ್ಡರ್ರೇ "ಎಲ್ಲರೂ ಹಿಂಗೇ ಮಾಡೋದು" ಅಂತಾನೆ. ಆದ್ರೆ ಸರ್ಕಾರದ ಮುಂದೆ, ಕೋರ್ಟಿನ ಮುಂದೆ ನಿಮ್ಮ ಮನೆ ಬೆಲೆ ಅಂದ್ರೆ ಆ ಪತ್ರದಲ್ಲಿರೋ ಅಂಕಿಯೇ. ಮಾಲೀಕರು ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಿ ಗೋಳು ಹೇಳ್ಕೊಂಡ ಮೇಲೆ ಅಕ್ಟೋಬರ್ 25ಕ್ಕೆ ಕೋರ್ಟ್ ಪತ್ರದಲ್ಲಿ ಏನೇ ಇರಲಿ ಎಲ್ಲರಿಗೂ 25 ಲಕ್ಷ ಕೊಡಿ ಅಂತು. ಅದೊಂದು ಪುಣ್ಯ. ಎಲ್ಲಾ ಕೇಸಲ್ಲೂ ಹಂಗೆ ಕೈ ಹಿಡಿಯೋರು ಇರಲ್ಲ.

ಅದೇ ಅಕ್ಟೋಬರ್‌ನಲ್ಲಿ ಕ್ರೈಂ ಬ್ರಾಂಚ್‌ನವರು ಒಬ್ಬ ಬಿಲ್ಡರ್‌ನ, ಹಳೇ ಪಂಚಾಯ್ತಿ ಕಾರ್ಯದರ್ಶಿಯನ್ನ ಅರೆಸ್ಟ್ ಮಾಡಿದ್ರು. ಪರ್ಮಿಟ್‌ಗೆ ಸಹಿ ಬಿದ್ದು ಹದಿಮೂರು ವರ್ಷ ಆದ ಮೇಲೆ.

ಕೆಡವಿದ್ದು

ಅಷ್ಟು ಎತ್ತರದ ಕಟ್ಟಡನ ಸುತ್ತ ಮನೆಗಳಿರೋ ಜಾಗದಲ್ಲಿ ಬೀಳಿಸೋದು ಅಂದ್ರೆ ಬಾಂಬ್ ಇಟ್ಟು ಉಡಾಯಿಸೋದು ಅಂದ್ಕೋಬೇಡಿ. ಮೊದಲು ಒಳಗಿನ ಗೋಡೆ, ಕಿಟಕಿ ಬಾಗಿಲು ಎಲ್ಲಾ ತೆಗೆದು ಅಸ್ಥಿಪಂಜರ ಮಾಡ್ತಾರೆ. ಆಯ್ದ ಮಹಡಿಗಳ ಕಂಬಗಳಿಗೆ ತೂತು ಕೊರೆದು ಅದರೊಳಗೆ ಸ್ಫೋಟಕ ತುಂಬ್ತಾರೆ, ಚೂರು ಹಾರದಂಗೆ ಕಂಬಕ್ಕೆ ತಂತಿ ಬಲೆ, ದಪ್ಪ ಬಟ್ಟೆ ಸುತ್ತುತಾರೆ. ಎಲ್ಲಾ ಒಟ್ಟಿಗೆ ಸಿಡಿಯಲ್ಲ, ಮಿಲಿಸೆಕೆಂಡ್ ಲೆಕ್ಕದಲ್ಲಿ ಒಂದರ ಹಿಂದೆ ಒಂದು. ಕಂಬದ ಬಲ ಹೋದ್ರೆ ಸಾಕು, ಕಟ್ಟಡ ತನ್ನ ಭಾರಕ್ಕೆ ತಾನೇ ಕೂರುತ್ತೆ, ಯಾವ ಕಡೆ ಕಂಬ ಮೊದಲು ಹೋಗುತ್ತೋ ಆ ಕಡೆ ವಾಲುತ್ತೆ. ಮೂರು ಸಮುಚ್ಚಯದ ಕೆಲಸ ಮುಂಬೈಯ ಎಡಿಫಿಸ್ ಎಂಜಿನಿಯರಿಂಗ್‌ಗೆ, ಜೊತೆಗೆ ದಕ್ಷಿಣ ಆಫ್ರಿಕಾದ ಜೆಟ್ ಡೆಮಾಲಿಷನ್, ಆಲ್ಫಾ ಸೆರೀನ್ ಚೆನ್ನೈಯ ವಿಜಯ್ ಸ್ಟೀಲ್ಸ್‌ಗೆ. ಮುಂದೆ 2022ರ ಆಗಸ್ಟ್ 28ಕ್ಕೆ ನೋಯ್ಡಾದ ಅವಳಿ ಗೋಪುರ ಬೀಳಿಸಿದ್ದೂ ಇದೇ ಎಡಿಫಿಸ್, ಜೆಟ್ ಜೋಡಿ.

ಪಕ್ಕದ ಹಳೇ ಮನೆಯವರ ಪಾಡು ಬೇರೆ. ಆಲ್ಫಾ ಸೆರೀನ್ ಗೋಡೆ ಒಡೆಯೋ ಹೊತ್ತಿಗೇ ತಮ್ಮ ಮನೆಗೆ ಬಿರುಕು ಬಿಡ್ತು ಅಂತ ಅವರು ದೂರು ಕೊಟ್ರು, ಹೊಸವರ್ಷದ ದಿನ ಉಪವಾಸ ಕೂತ್ರು. ಇವರು ಫ್ಲಾಟ್ ಕೊಂಡವರಲ್ಲ, ಮಾರಿದವರಲ್ಲ, ಸಹಿ ಹಾಕಿದವರಲ್ಲ, ಪಕ್ಕದಲ್ಲಿದ್ದವರು.

ಜನವರಿ 11ರ ಬೆಳಗ್ಗೆ ಸುತ್ತ 200 ಮೀಟರ್ ಖಾಲಿ ಮಾಡಿಸಿದ್ರು. ಎಚ್‌ಟೂಓಗೆ ಹನ್ನೊಂದಕ್ಕೆ ಟೈಮ್, ಹೆಲಿಕಾಪ್ಟರ್ ಸುತ್ತು ಮುಗಿಯೋದು ತಡ ಆಗಿ ಹನ್ನೊಂದೂ ಹದಿನೆಂಟರ ಹೊತ್ತಿಗೆ ಬಿತ್ತು. ಕಟ್ಟೋಕೆ ವರ್ಷಗಟ್ಟಲೆ, ಕೇಸಿಗೆ ಹನ್ನೆರಡು ವರ್ಷ, ಬೀಳೋಕೆ ಕೆಲವೇ ಸೆಕೆಂಡ್, ಆಮೇಲೆ ಧೂಳು ಎಷ್ಟೋ ಹೊತ್ತು. ಸ್ವಲ್ಪ ಹೊತ್ತಿಗೆ ಆಲ್ಫಾದ ಎರಡು ಗೋಪುರ, ಅದರ ಅವಶೇಷ ಸ್ವಲ್ಪ ಹಿನ್ನೀರಿಗೂ ಬಿತ್ತು. ಹಿನ್ನೀರು ಉಳಿಸೋಕೆ ಅಂತ ಕೆಡವಿದ ಕಟ್ಟಡ! ಮಾರನೇ ದಿನ ಬೆಳಗ್ಗೆ ಕೋರಲ್ ಕೋವ್, ಮಧ್ಯಾಹ್ನ ಎರಡೂವರೆ ಸುಮಾರಿಗೆ ಕಾಯಲೋರಂ. ಕಾಯಲೋರಂ ನಾಲ್ಕರಲ್ಲಿ ಚಿಕ್ಕದು, ಆದ್ರೆ ಅದರ ಕಾಲ ಬುಡದಲ್ಲೇ ಒಂದು ಅಂಗನವಾಡಿ ಇತ್ತು. ಹಂಗಾಗಿ ಕಟ್ಟಡ ಎರಡು ಭಾಗವಾಗಿ ಸೀಳಿ ಬೀಳೋ ಥರ ಸ್ಫೋಟಕ ಹೊಂದಿಸಿದ್ರು. ಧೂಳು ಇಳಿದಾಗ ಅಂಗನವಾಡಿ ನಿಂತೇ ಇತ್ತು.

ಅವಶೇಷ ಸುಮಾರು 76,000 ಟನ್. ಕಬ್ಬಿಣ ಬೇರೆ, ಕಾಂಕ್ರೀಟ್ ಬೇರೆ ಮಾಡಿ ಲಾರಿಯಲ್ಲಿ ಸಾಗಿಸೋಕೆ ತಿಂಗಳುಗಟ್ಟಲೆ ಹಿಡೀತು. ಲೋನ್ ಇದ್ದವರ ಲೋನ್ ಮಾತ್ರ ಕಟ್ಟಡದ ಜೊತೆ ಬೀಳಲಿಲ್ಲ, ಬ್ಯಾಂಕಿನ ಪುಸ್ತಕದಲ್ಲಿ ಅದು ಸಾಲಗಾರನ ಹೆಸರಲ್ಲಿ ಇರೋದು, ಕಟ್ಟಡದ ಹೆಸರಲ್ಲಲ್ಲ. ಜಾಗ ಖಾಲಿ ಆದ ಮೇಲೆ ಬಾಲ್ಕನಿಯಿಂದ ಕಾಣ್ತಿದ್ದ ಹಿನ್ನೀರು ಈಗ ಹಿಂದಿನ ಹಂಚಿನ ಮನೆಗಳ ಅಂಗಳದಿಂದಾನೂ ಕಾಣುತ್ತೆ.